ಏನಂದ ಮಗಾ?



ನಮ್ಮೂರು ಬೆಟ್ಟದಪುರ. ಪಿರಿಯಾಪಟ್ಟಣ ತಾಲ್ಲೂಕು. ಮೈಸೂರಿನಿಂದ ಬಸ್ಸಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. ಊರಿಗೆ ಆತುಕೊಂಡೇ ಬೆಟ್ಟ ಇದೆ. ಮೂರು ಸಾವಿರದಷ್ಟು ಮೆಟ್ಟಿಲು ಹತ್ತಿದರೆ ಸಿಡಿಲು ಮಲ್ಲಿಕಾರ್ಜುನನ ಗುಡಿ. ನಮ್ಮವ್ವ ಒಂದು ಕಾಲದಲ್ಲಿ ಆ ಮೆಟ್ಟಿಲನ್ನು ಉಸಿರು ಬಿಡದೆ ಹತ್ತಿದವಳು. ಈಗ ಎಂಬತ್ತು ದಾಟಿದೆ. ಹಗಲೆಲ್ಲ ಜಗಲಿಯಲ್ಲಿ ಕೂತು ಬೆಟ್ಟ ನೋಡುತ್ತಾಳೆ. ದೀಪ ಹಚ್ಚಿದ ಮೇಲೆ ಒಳಗೆ ಬಂದು ಟಿವಿ ನೋಡುತ್ತಾಳೆ.

ಟಿವಿ ಮುಂದೆ ಕೂತ ಅವ್ವನ ಬಾಯಲ್ಲಿ ಒಂದೇ ಪ್ರಶ್ನೆ.

"ಏನಂದ ಮಗಾ?"

ನಾಯಕ ಮಾತಾಡಿದರೆ, ಏನಂದ ಮಗಾ. ನಾಯಕಿ ಮಾತಾಡಿದರೆ, ಏನಂದ್ಲು ಮಗಾ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಶುರು ಮಾಡಿದರೆ, ಏನಂತವ್ರೆ ಮಗಾ. ಒಂದು ಸಂಜೆ ನಾನು ಎಣಿಸಿದೆ. ಅರ್ಧ ಗಂಟೆಯ ಧಾರಾವಾಹಿ. ಇಪ್ಪತ್ತು ಸಲ ಕೇಳಿದಳು. ಪ್ರತಿ ಸಲವೂ ನಾನು ಹೇಳಿದೆ. ಕನ್ನಡದ ಮಾತನ್ನು ಕನ್ನಡದಲ್ಲೇ ಮತ್ತೆ ಹೇಳಿದೆ.

ಅವ್ವನಿಗೆ ವಯಸ್ಸಾಯಿತು, ಕಿವಿ ಮಂದವಾಯಿತು. ನಾನು ಹಾಗೇ ಅಂದುಕೊಂಡಿದ್ದೆ. ನೀವೂ ನಿಮ್ಮ ಮನೆಯ ಹಿರಿಯರ ಬಗ್ಗೆ ಹಾಗೇ ಅಂದುಕೊಂಡಿರಬಹುದು. ಆಮೇಲೆ ಒಂದು ಸಂಜೆ ಹೀಗಾಯಿತು. ಪರದೆಯ ಮೇಲೆ ಅಣ್ಣ ತಮ್ಮಂದಿರ ಜಗಳ. ಅಣ್ಣ ಹಲ್ಲು ಕಚ್ಚಿಕೊಂಡು ಏನೋ ಅಂದ. ಅದರ ಮೇಲೆ ಡೋಲು, ಅದರ ಮೇಲೆ ಪಿಟೀಲು, ಅದರ ಮೇಲೆ ಗುಡುಗು. ಅವ್ವ ಕೇಳಿದಳು. ಹೇಳಲು ಬಾಯಿ ತೆರೆದೆ. ಮಾತು ಬರಲಿಲ್ಲ. ಅವನು ಏನಂದ ಎಂದು ನನಗೂ ಕೇಳಿಸಿರಲಿಲ್ಲ. ಅವನ ಮುಖ ನೋಡಿ ಊಹಿಸಿದ್ದೆ, ಅಷ್ಟೆ. ಎಷ್ಟು ದಿನದಿಂದ ಹೀಗೆ ಊಹಿಸಿ ಊಹಿಸಿ ಅವ್ವನಿಗೆ ಒಪ್ಪಿಸುತ್ತಿದ್ದೆನೋ!

ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿರುವುದು ಈ ಒಂದೇ ಸಂಗತಿ. ನಮ್ಮ ಸಿನಿಮಾ, ನಮ್ಮ ಟಿವಿ, ನಮ್ಮ ಫೋನು, ಇವುಗಳಲ್ಲಿ ಮಾತು ಕೇಳಿಸುತ್ತಿಲ್ಲ. ಸದ್ದು ಹೆಚ್ಚಾಗಿದೆ, ಮಾತು ಕಡಿಮೆಯಾಗಿದೆ. ಇದು ಮುದುಕರ ಗೊಣಗಾಟ ಎಂದು ತಳ್ಳಿಹಾಕುವ ವಿಷಯವಲ್ಲ.

ಅವ್ವನ ಈ ಪ್ರಶ್ನೆ ಹೊಸದಲ್ಲ. ನಾನು ಮೊದಲು ಕೇಳಿದ್ದು 1987ರಲ್ಲಿ. ಆಗ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ. ಬೀದಿಗೊಂದು ಟಿವಿ ಇದ್ದರೆ ಹೆಚ್ಚು. ಟಿವಿ ಇದ್ದ ಮನೆಯವರು ಅದನ್ನು ಹಜಾರಕ್ಕೆ ತಂದಿಡುತ್ತಿದ್ದರು. ಒಳಗೆ ಮಕ್ಕಳು, ಬಾಗಿಲಲ್ಲಿ ಹೆಂಗಸರು, ಕಿಟಕಿಯಲ್ಲಿ ಗಂಡಸರು. ರಾಮ ಮಾತಾಡುತ್ತಿದ್ದದ್ದು ಹಿಂದಿ. ನಮ್ಮ ಬೀದಿಯಲ್ಲಿ ಹಿಂದಿ ಬಲ್ಲವರು ಒಬ್ಬ ಮೇಷ್ಟ್ರು ಮಾತ್ರ. ಅವರು ಟಿವಿ ಪಕ್ಕದಲ್ಲೇ ನಿಂತಿರುತ್ತಿದ್ದರು. ಕೈಕೇಯಿ ಮಾತು ಮುಗಿಸುತ್ತಿದ್ದ ಹಾಗೇ ಬಾಗಿಲಿಂದ ಕೂಗು ಬರುತ್ತಿತ್ತು. "ಏನಂದ್ಲು ಮೇಷ್ಟ್ರೇ?" ಮೇಷ್ಟ್ರು ಕನ್ನಡದಲ್ಲಿ ಹೇಳುತ್ತಿದ್ದರು. ಹೆಂಗಸರು ಅಳುತ್ತಿದ್ದರು. ಆ ಗುಂಪಿನಲ್ಲಿ ನಮ್ಮವ್ವನೂ ಇದ್ದಳು.

ಆಗ ಭಾಷೆ ಬರುತ್ತಿರಲಿಲ್ಲ. ಅದಕ್ಕೆ ಕೇಳುತ್ತಿದ್ದಳು. ಈಗ ಟಿವಿಯ ತುಂಬ ಕನ್ನಡ. ಈಗ ರಿಮೋಟಿನಲ್ಲಿ ಒತ್ತುತ್ತಾ ಹೋದರೆ ಕನ್ನಡದ ಚಾನೆಲ್ಲುಗಳೇ ಡಜನ್‌ಗಟ್ಟಲೆ. ಭಾಷೆ ನಮ್ಮದೇ. ಆದರೂ ಪ್ರಶ್ನೆ ಅದೇ. ನನಗೆ ನೋವಾಗುವುದು ಇದಕ್ಕೇ.

ಈಗ ಒಂದು ಗಳಿಗೆ ಹಿಂದಕ್ಕೆ ಹೋಗೋಣ. ಮಾತು ಕೇಳಿಸುತ್ತಿದ್ದ ಕಾಲಕ್ಕೆ.

ನಮ್ಮ ಸೀಮೆಯಿಂದ ಹೋಗಿ ಕನ್ನಡ ಸಿನಿಮಾವನ್ನು ಬೆಳೆಸಿದವರಲ್ಲಿ ಇಬ್ಬರನ್ನು ಹೇಳುತ್ತೇನೆ. ಒಬ್ಬರು ಹುಣಸೂರು ಕೃಷ್ಣಮೂರ್ತಿ. ಊರು ಹೆಸರಿನಲ್ಲೇ ಇದೆ. ಇನ್ನೊಬ್ಬರು ಪುಟ್ಟಣ್ಣ ಕಣಗಾಲ್. ಕಣಗಾಲು ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನದೇ ಹಳ್ಳಿ.

ಹುಣಸೂರು ಕೃಷ್ಣಮೂರ್ತಿ ನಾಟಕರಂಗದಿಂದ ಬಂದವರು. ನಿರ್ದೇಶನವೂ ಮಾಡಿದರು, ಸಂಭಾಷಣೆಯನ್ನೂ ಹಾಡುಗಳನ್ನೂ ಬರೆದರು. ಅವರ 'ಸತ್ಯ ಹರಿಶ್ಚಂದ್ರ' 1965ರದು. ರಾಜ್‌ಕುಮಾರ್ ಹರಿಶ್ಚಂದ್ರ. ಪಂಡರೀಬಾಯಿ ಚಂದ್ರಮತಿ. ಉದಯಕುಮಾರ್ ವಿಶ್ವಾಮಿತ್ರ. ನರಸಿಂಹರಾಜು ನಕ್ಷತ್ರಿಕ. ಎಂ.ಪಿ. ಶಂಕರ್ ವೀರಬಾಹು. ಅದು ಕಪ್ಪು ಬಿಳುಪು ಚಿತ್ರ. 2008ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಈಗಲೂ ಟಿವಿಯಲ್ಲಿ ಬರುತ್ತಿರುತ್ತದೆ. ಬಂದಾಗ ಕಣ್ಣು ಮುಚ್ಚಿಕೊಂಡು ಕೇಳಿ ನೋಡಿ. ಯಾರು ಮಾತಾಡುತ್ತಿದ್ದಾರೆ ಎಂದು ದನಿಯಿಂದಲೇ ತಿಳಿಯುತ್ತದೆ. ಏನು ಮಾತಾಡಿದರು ಎಂದು ಅಕ್ಷರ ಅಕ್ಷರವೂ ತಿಳಿಯುತ್ತದೆ. ವಿಶ್ವಾಮಿತ್ರ ಅಬ್ಬರಿಸಿದಾಗಲೂ ಒತ್ತಕ್ಷರ ಉದುರುವುದಿಲ್ಲ.

ಇದು ಹೇಗೆ ಬಂತು? ನಾಟಕ ಕಂಪನಿಗಳಿಂದ ಬಂತು. ರಾಜ್‌ಕುಮಾರ್ ಹುಡುಗನಾಗಿದ್ದಾಗಲೇ ತಂದೆ ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ಕಂಪನಿ ಸೇರಿದವರು. ಆ ಕಾಲದ ರಂಗದ ಮೇಲೆ ಮೈಕು ಇಲ್ಲ. ಮುಂದೆ ಕುರ್ಚಿಯವರು, ಆಮೇಲೆ ಬೆಂಚಿನವರು, ಕೊನೆಗೆ ನೆಲದವರು. ನೆಲದವನೂ ಕಾಸು ಕೊಟ್ಟೇ ಬಂದಿದ್ದಾನೆ. ಅವನಿಗೆ ಕೇಳಿಸದಿದ್ದರೆ ಅಲ್ಲಿಂದಲೇ ಕೂಗುತ್ತಾನೆ. ಹಾಗಾಗಿ ನಟ ಮೊದಲು ಕಲಿಯಬೇಕಾದದ್ದು ಉಸಿರು ಹಿಡಿಯುವುದನ್ನು, ಅಕ್ಷರ ಬಿಡಿಸುವುದನ್ನು. ಅಭಿನಯ ಆಮೇಲೆ. 1977ರ 'ಬಭ್ರುವಾಹನ' ಕೂಡ ಹುಣಸೂರು ಕೃಷ್ಣಮೂರ್ತಿಯವರದೇ. ಅದರಲ್ಲಿ ಅಪ್ಪ ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಇಬ್ಬರೂ ಎದುರುಬದುರು ನಿಂತು ಮಾತಿಗೆ ಮಾತು ಕೊಡುತ್ತಾರೆ. ಇರುವುದು ಒಬ್ಬನದೇ ಕಂಠ. ಆದರೂ ಅಪ್ಪನ ಮಾತು ಯಾವುದು, ಮಗನ ಮಾತು ಯಾವುದು ಎಂದು ಅವ್ವ ಅಡುಗೆಮನೆಯಿಂದಲೇ ಹೇಳುತ್ತಾಳೆ.

ಪುಟ್ಟಣ್ಣನವರ ರೀತಿ ಬೇರೆ. ಅವರು ಬಿ.ಆರ್. ಪಂತುಲು ಅವರ ಬಳಿ ಕೆಲಸ ಕಲಿತವರು. ಪುರಾಣ ಬಿಟ್ಟು ಮನೆಯೊಳಗಿನ ಕತೆ ಹಿಡಿದರು. ಮನೆಯೊಳಗೆ ಯಾರೂ ರಂಗದ ಮೇಲಿನಂತೆ ಗರ್ಜಿಸುವುದಿಲ್ಲ. ಪಿಸುಮಾತು ಇರುತ್ತದೆ. ಬಿಕ್ಕಳಿಕೆ ಇರುತ್ತದೆ. 1971ರ 'ಶರಪಂಜರ'ದಲ್ಲಿ ಕಾವೇರಿಯಾಗಿ ಕಲ್ಪನಾ ಇದ್ದಾರೆ. ತ್ರಿವೇಣಿಯವರ ಕಾದಂಬರಿ ಆಧರಿಸಿದ ಚಿತ್ರ. ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಮರಳಿದ ಹೆಂಗಸನ್ನು ಮನೆಯೂ ಊರೂ ಹೇಗೆ ನೋಡಿದವು ಎಂಬ ಕತೆ. ಕಲ್ಪನಾ ಅದರಲ್ಲಿ ಮೆಲ್ಲಗೆ ಮಾತಾಡುತ್ತಾರೆ, ನಗುತ್ತಾರೆ, ಕೊನೆಗೆ ಸಿಡಿದು ಕೂಗುತ್ತಾರೆ. ಮೂರರಲ್ಲೂ ಮಾತು ಕೇಳಿಸುತ್ತದೆ. ಮರುವರ್ಷ ಬಂದ 'ನಾಗರಹಾವು' ಚಿತ್ರದಲ್ಲಿ ಚಾಮಯ್ಯ ಮೇಷ್ಟ್ರಾದ ಅಶ್ವತ್ಥ್ ಅವರನ್ನು ನೆನೆಯಿರಿ. ಎಷ್ಟು ಸಣ್ಣ ದನಿಯಲ್ಲಿ ಎಷ್ಟು ಮಮತೆ! ಒಂದು ಅಕ್ಷರವೂ ಕೈಬಿಟ್ಟು ಹೋಗುವುದಿಲ್ಲ.

ಹಾಗಾದರೆ ಹಳೆಯದೆಲ್ಲ ಚೆನ್ನ, ಹೊಸದೆಲ್ಲ ಕೆಟ್ಟದ್ದೇ? ನಾನು ಹಾಗೆ ಹೇಳುವುದಿಲ್ಲ. 2016ರಲ್ಲಿ ನಮ್ಮ ಥಿಯೇಟರುಗಳಿಗೆ 'ತಿಥಿ' ಬಂತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರೇ ಅದರಲ್ಲಿ ನಟಿಸಿದರು. ಯಾರೂ ನಾಟಕ ಕಲಿತವರಲ್ಲ. ಹೊಲದಲ್ಲಿ ಮಾತಾಡುವ ಹಾಗೇ ಮಾತಾಡಿದರು. ಅವ್ವನಿಗೆ ಅದನ್ನು ತೋರಿಸಿದೆ. ಸೆಂಚುರಿ ಗೌಡ ಹಾದಿಯಲ್ಲಿ ಹೋಗುವವರನ್ನೆಲ್ಲ ಬಯ್ಯುವುದನ್ನು ಕೇಳಿ ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಏನಂದ ಎಂದು ಒಂದು ಸಲವೂ ಕೇಳಲಿಲ್ಲ. ಸಹಜವಾಗಿ ಮಾತಾಡುವುದು ಬೇರೆ, ಬಾಯೊಳಗೇ ನುಂಗುವುದು ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದವರು ಈಗ ಬಹಳ ಇದ್ದಾರೆ ಎಂದು ನನಗನ್ನಿಸುತ್ತದೆ.

ಕೇಳುಗರೇ, ಇಷ್ಟರವರೆಗೆ ಹೇಳಿದ್ದು ನಟರ ಬಾಯಿಯ ವಿಷಯ. ನಾಟಕದವರು ಅಕ್ಷರ ಬಿಡಿಸಿ ಆಡಿದರು, ಹಳ್ಳಿಯವರು ತಮ್ಮಂತೆ ತಾವು ಆಡಿದರು, ಎರಡೂ ಕೇಳಿಸಿದವು ಎಂದೆ. ಆದರೆ ನಟ ಚೆನ್ನಾಗಿ ಮಾತಾಡಿದರೂ ಮನೆಯಲ್ಲಿ ಕೇಳಿಸದೆ ಹೋಗುವುದುಂಟು. ಅದಕ್ಕೆ ಕಾರಣ ಯಂತ್ರದಲ್ಲಿದೆ. ಈಗ ಅಲ್ಲಿಗೆ ಬರೋಣ.

ನಮಗೆ ಗುರುತಿನವರೊಬ್ಬರು ಟಿವಿ ರಿಪೇರಿ ಮಾಡುತ್ತಾರೆ. ಮೂವತ್ತು ವರ್ಷದ ಅನುಭವ. ಅವರನ್ನು ಮನೆಗೆ ಕರೆದೆ. ಟಿವಿ ಕೆಟ್ಟಿರಬೇಕು ನೋಡಿ ಎಂದೆ. ಅವರು ಕೈಯನ್ನು ಟಿವಿಯ ಬೆನ್ನಿಗೆ ಹಾಕಿದರು. ನನ್ನ ಕೈಯನ್ನೂ ಹಿಡಿದು ಅಲ್ಲಿಗೆ ಮುಟ್ಟಿಸಿದರು. ಸಣ್ಣ ತೂತುಗಳು ಕೈಗೆ ಸಿಕ್ಕವು. ಒಳಗಿನಿಂದ ನಡುಕ. "ಇದೇ ನಿಮ್ಮ ಸ್ಪೀಕರು" ಎಂದರು.

ಸ್ಪೀಕರು ಬೆನ್ನಿನಲ್ಲಿದೆ! ನಾವು ಕೂತಿರುವುದು ಮುಂದೆ. ಅದು ಮಾತಾಡುತ್ತಿರುವುದು ಗೋಡೆಗೆ. ಮಾತು ಗೋಡೆಗೆ ಬಡಿದು, ಮೂಲೆಯಲ್ಲಿ ಸುತ್ತಿ, ಆಮೇಲೆ ನಮ್ಮ ಕಡೆ ಬರಬೇಕು. ಹಳೆಯ ಟಿವಿ ನಿಮಗೆ ನೆನಪಿರಬಹುದು. ಅಕ್ಕಿ ಮೂಟೆಯಷ್ಟು ದಪ್ಪ. ಇಬ್ಬರು ಹಿಡಿದು ಎತ್ತಬೇಕು. ಬಹಳಷ್ಟರಲ್ಲಿ ಪರದೆಯ ಪಕ್ಕದಲ್ಲೇ ಸ್ಪೀಕರು, ಮುಖ ನಮ್ಮ ಕಡೆ. ದನಿ ತುಂಬಿಕೊಳ್ಳಲು ಪೆಟ್ಟಿಗೆಯೊಳಗೆ ಜಾಗವೂ ಇತ್ತು. ಈಗಿನ ಟಿವಿ ಗೋಡೆಗೆ ನೇತುಹಾಕುವ ಕ್ಯಾಲೆಂಡರಿನಂತೆ ತೆಳ್ಳಗಿದೆ. ಅಷ್ಟು ತೆಳುವಿನಲ್ಲಿ ಒಳ್ಳೆಯ ಸ್ಪೀಕರಿಗೆ ಜಾಗವೆಲ್ಲಿ? ಬೆನ್ನಿಗೋ ಕೆಳಗಿನ ಅಂಚಿಗೋ ಸಿಕ್ಕಿಸುತ್ತಾರೆ. ಚಿತ್ರಕ್ಕೆ ಕೊಟ್ಟ ಮರ್ಯಾದೆ ಮಾತಿಗೆ ಸಿಗಲಿಲ್ಲ.

ರಿಪೇರಿಯವರು ಇನ್ನೊಂದು ಸಂಗತಿ ಹೇಳಿದರು. ಇದನ್ನು ನಿಧಾನವಾಗಿ ಹೇಳುತ್ತೇನೆ.

ಥಿಯೇಟರಿನ ಪರದೆಯನ್ನು ಮನಸ್ಸಿಗೆ ತಂದುಕೊಳ್ಳಿ. ದೂರದಿಂದ ನೋಡಿದರೆ ಬಿಳಿಯ ಬಟ್ಟೆಯಂತೆ ಕಾಣುತ್ತದೆ. ಹತ್ತಿರ ಹೋದರೆ ಅದರ ತುಂಬ ಸೂಜಿ ಚುಚ್ಚಿದಂಥ ಸಣ್ಣ ತೂತುಗಳಿವೆ. ಪರದೆಯ ಹಿಂದಿನ ಸ್ಪೀಕರಿನ ದನಿ ಆ ತೂತುಗಳ ಮೂಲಕ ಮುಂದೆ ಬರುತ್ತದೆ. ಈಗಿನ ಸಿನಿಮಾಗಳ ಶಬ್ದವನ್ನು ಹಲವು ಭಾಗ ಮಾಡಿರುತ್ತಾರೆ. ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು. ಪ್ರೇಕ್ಷಕರ ಅಕ್ಕಪಕ್ಕ ಮತ್ತು ಹಿಂದೆ ಇನ್ನಷ್ಟು. ಗುಡುಗಿನಂಥ ಸದ್ದಿಗೆ ಬೇರೆಯೇ ಒಂದು. ಮಾತೆಲ್ಲ ಹೆಚ್ಚಾಗಿ ನಡುವಿನ ಸ್ಪೀಕರಿನಿಂದಲೇ ಬರುತ್ತದೆ. ಅದು ಮಾತಿನ ಗದ್ದುಗೆ ಇದ್ದ ಹಾಗೆ.

ಅದೇ ಸಿನಿಮಾ ಮನೆಗೆ ಬಂದಾಗ ಏನಾಗುತ್ತದೆ? ಮನೆಯ ಟಿವಿಯಲ್ಲಿ ಇರುವುದು ಎರಡೇ ಸ್ಪೀಕರು. ಅಷ್ಟೂ ಕಡೆಯ ಶಬ್ದವನ್ನು ಎರಡಕ್ಕೆ ತುಂಬಬೇಕು. ಗದ್ದುಗೆಯ ಮೇಲಿದ್ದ ಮಾತು ಇಳಿದು ಬಂದು ಡೋಲು, ಗುಂಡು, ಕಾರಿನ ಸದ್ದಿನ ಜೊತೆ ಒಂದೇ ಬಾಗಿಲಲ್ಲಿ ನುಗ್ಗಬೇಕು. ಜಾತ್ರೆಯ ದಿನದ ಬಸ್ಸಿನಂತೆ. ಬಲವಿದ್ದವನು ಮುಂದೆ, ಮೆದುವಾದವನು ಹಿಂದೆ. ಸದ್ದಿಗೆ ಬಲವಿದೆ, ಮಾತು ಮೆದು. ಅವ್ವ ಕೇಳುತ್ತಾಳೆ, ಏನಂದ ಮಗಾ.

ಟಿವಿಯ ಬೆನ್ನು ಮತ್ತು ಹಲವು ಎರಡಾಗುವ ಲೆಕ್ಕ, ಈ ಎರಡು ಕಾರಣ ಹೇಳಿದ್ದಾಯಿತು. ಮೂರನೆಯದು ನಮ್ಮ ಕಿವಿಯದೇ. ಅದನ್ನೂ ಮರೆಮಾಚಬಾರದು.

ಈಗ ನಾನು ನಾಲ್ಕು ಮಾತು ಹೇಳುತ್ತೇನೆ. ಕಾಲು. ಸಾಲು. ಪಾಲು. ಹಾಲು. ನಾಲ್ಕರಲ್ಲೂ 'ಆಲು' ಎಂಬುದು ಒಂದೇ. ಬೇರೆ ಮಾಡುವುದು ಮೊದಲ ವ್ಯಂಜನ ಮಾತ್ರ. ಸ್ವರಕ್ಕೆ ಬಲ ಹೆಚ್ಚು, ಅದು ದೂರಕ್ಕೂ ಹೋಗುತ್ತದೆ. ಸ, ಶ, ತ, ಪ ಇಂಥ ವ್ಯಂಜನಗಳು ಗಾಳಿಯಷ್ಟು ಹಗುರ. ಅವುಗಳ ದನಿ ಸಣ್ಣದು, ಅದರಲ್ಲೂ ಸಕಾರದ್ದು ಬಹಳ ತೀಕ್ಷ್ಣ. ವಯಸ್ಸಾದಾಗ ಕಿವಿ ಮೊದಲು ಕಳೆದುಕೊಳ್ಳುವುದು ಈ ತೀಕ್ಷ್ಣವಾದ ದನಿಯನ್ನೇ. ಹಾಗಾಗಿ ಹಿರಿಯರಿಗೆ ಯಾರೋ ಮಾತಾಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ. ಯಾವ ಮಾತು ಎಂಬುದು ಗೊತ್ತಾಗುವುದಿಲ್ಲ. ನಾನು ಹೇಳಿದ ಆ ಅಣ್ಣ ತಮ್ಮಂದಿರ ಜಗಳ ವಾರಗಟ್ಟಲೆ ನಡೆಯಿತು. ಅವರು ಜಗಳವಾಡುತ್ತಿದ್ದದ್ದು ಸಾಲಕ್ಕೆ. ಅವ್ವ ಪಾಲಿಗೆ ಎಂದುಕೊಂಡಿದ್ದಳು. "ಮನೆ ಪಾಲಾಗದೆ ಇದ್ರೆ ಸಾಕು ದೇವ್ರೇ" ಎಂದು ರಾತ್ರಿ ಕೈಮುಗಿದು ಮಲಗಿದ್ದಳು. ಆ ಧಾರಾವಾಹಿಯ ಮನೆಗಾಗಿ.

ಇದು ಗೊತ್ತಾದಾಗ ನನಗೆ ಕರುಳು ಚುರುಕ್ಕೆಂದಿತು. ಇಂಥವರಿಗೆ ವಾಲ್ಯೂಮ್ ಜಾಸ್ತಿ ಮಾಡಿದರೆ ಸಾಲದು. ವಾಲ್ಯೂಮ್ ಏರಿಸಿದರೆ ಡೋಲೂ ಏರುತ್ತದೆ, ಗುಡುಗೂ ಏರುತ್ತದೆ. ಸಕಾರ ಅಲ್ಲೇ ಕೆಳಗೆ ಉಳಿಯುತ್ತದೆ.

ಇಲ್ಲಿಯವರೆಗೆ ಬಾಯಿ, ಯಂತ್ರ, ಕಿವಿ ಮೂರರ ಮಾತಾಯಿತು. ಇನ್ನು ಹಿನ್ನೆಲೆ ಸಂಗೀತ.

ಧಾರಾವಾಹಿಯಲ್ಲಿ ಒಬ್ಬಳು ಬಾಗಿಲು ತೆರೆಯುತ್ತಾಳೆ. ಒಂದು ಗುಡುಗು. ಅವಳ ಮುಖವನ್ನು ಮೂರು ಸಲ ತೋರಿಸುತ್ತಾರೆ. ಮೂರು ಗುಡುಗು. ಎದುರಿಗಿದ್ದವಳ ಮುಖ. ಮತ್ತೆ ಮೂರು. ಬಂದವಳು ಹಾಲಿನ ಪಾತ್ರೆ ಹಿಡಿದು ಬಂದಿರುತ್ತಾಳೆ, ಅಷ್ಟೆ. ನಾವು ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಕೆಳಗೆ ಇರುವವರು. ಗುಡುಗು ಎಂದರೆ ಏನೆಂದು ಬಲ್ಲವರು. ಮುಂಗಾರಿನಲ್ಲಿ ಬೆಟ್ಟದ ತಲೆಯ ಮೇಲೆ ಒಂದು ಸಲ ಗುಡುಗಿದರೆ ಮನೆಯ ಹೆಂಚು ನಡುಗುತ್ತದೆ, ಎಲ್ಲರೂ ಮಾತು ನಿಲ್ಲಿಸುತ್ತೇವೆ. ಗುಡುಗಿಗೆ ಬೆಲೆ ಇರುವುದು ಅದು ಅಪರೂಪ ಎಂಬುದಕ್ಕೆ. ನಿಮಿಷಕ್ಕೆ ಹತ್ತು ಸಲ ಗುಡುಗಿಸಿದರೆ ಅದು ಗುಡುಗೂ ಅಲ್ಲ, ಕತೆಯೂ ಅಲ್ಲ.

ಪುಟ್ಟಣ್ಣನವರ ಬಹುಪಾಲು ಚಿತ್ರಗಳಿಗೆ ಸಂಗೀತ ಕೊಟ್ಟವರು ವಿಜಯಭಾಸ್ಕರ್. ಅವರ ಹಾಡುಗಳನ್ನು ಎಲ್ಲರೂ ಹೊಗಳುತ್ತಾರೆ. ನಾನು ಅವರ ಮೌನವನ್ನೂ ಹೊಗಳುತ್ತೇನೆ. ಮಾತು ನಡೆಯುವಾಗ ವಾದ್ಯ ಹಿಂದೆ ಸರಿದು ನಿಲ್ಲುತ್ತದೆ. ಹಿರಿಯರು ಮಾತಾಡುವಾಗ ಮನೆಯ ಮಗಳು ಬಾಗಿಲ ಬಳಿ ನಿಂತ ಹಾಗೆ. ಮಾತು ಮುಗಿದ ಮೇಲೆ ಮೆಲ್ಲಗೆ ಒಳಗೆ ಬರುತ್ತದೆ.

ಸಂಗೀತ ಜೋರಿದ್ದರೂ ಮಾತನ್ನು ಉಳಿಸಿಕೊಳ್ಳಬಹುದು. 2018ರ 'ಕೆ.ಜಿ.ಎಫ್' ಮೊದಲ ಭಾಗದಲ್ಲಿ ಕತೆ ಹೇಳುವವರು ಅನಂತ್ ನಾಗ್. ಆ ಅಬ್ಬರದ ನಡುವೆಯೂ ಅವರ ದನಿ ತೆಪ್ಪದಂತೆ ತೇಲಿಕೊಂಡು ಬರುತ್ತದೆ. ಅನಂತ್ ನಾಗ್ ಕೂಡ ರಂಗಭೂಮಿಯವರು ಎಂಬುದನ್ನು ಮರೆಯಬೇಡಿ.

ಜಾಹೀರಾತಿನ ಮಾತು ಹೇಳದೆ ಮುಂದೆ ಹೋಗಲಾರೆ. ಅವ್ವನಿಗಾಗಿ ವಾಲ್ಯೂಮ್ ಇಪ್ಪತ್ತೈದಕ್ಕೆ ಏರಿಸಿರುತ್ತೇನೆ. ಧಾರಾವಾಹಿ ನಿಂತು ಜಾಹೀರಾತು ಬರುತ್ತದೆ. ಅಬ್ಬ! ತೊಟ್ಟಿಲ ಮಗು ಬೆಚ್ಚಿಬಿದ್ದು ಅಳುತ್ತದೆ. ಅವ್ವ ಕಿವಿ ಮುಚ್ಚಿಕೊಳ್ಳುತ್ತಾಳೆ. ಕಿವಿ ಕೇಳಿಸದವಳು ಕಿವಿ ಮುಚ್ಚಿಕೊಳ್ಳಬೇಕಾಗಿದೆ ನೋಡಿ. ಇದರ ಮರ್ಮ ಸರಳ. ಕತೆಯಲ್ಲಿ ಪಿಸುಮಾತೂ ಇರುತ್ತದೆ, ಕೂಗೂ ಇರುತ್ತದೆ. ಜಾಹೀರಾತಿನಲ್ಲಿ ಪಿಸುಮಾತನ್ನೂ ಎತ್ತಿ ಕೂಗಿನ ಮಟ್ಟಕ್ಕೆ ತಂದಿರುತ್ತಾರೆ. ಎಲ್ಲೂ ತಗ್ಗಿಲ್ಲ, ಎಲ್ಲ ದಿಣ್ಣೆ.

ಇದಕ್ಕೆ ಕಟ್ಟಳೆ ಇಲ್ಲವೇ? ಇದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳಲ್ಲೇ ಜಾಹೀರಾತಿನ ಸದ್ದು ಅತಿಯಾಗಬಾರದು ಎಂದು ಬರೆದಿದೆ. ಗಂಟೆಗೆ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಕೂಡದು ಎಂಬ ನಿಯಮವೂ ಇದೆ. ಅಮೆರಿಕದವರು ಇದಕ್ಕೆಂದೇ 2010ರಲ್ಲಿ ಪ್ರತ್ಯೇಕ ಕಾನೂನು ಮಾಡಿದರು. ಕಾರ್ಯಕ್ರಮದ ಸದ್ದು ಎಷ್ಟೋ ಜಾಹೀರಾತಿನ ಸದ್ದೂ ಅಷ್ಟೇ ಇರಬೇಕು ಎಂದರು. ನಮ್ಮ ಪುಸ್ತಕದಲ್ಲಿ 'ಅತಿ' ಎಂಬ ಪದವಿದೆ. ಅತಿ ಎಂದರೆ ಎಷ್ಟು ಎಂದು ಅಳೆದು ಹಿಡಿಯುವವರು ಬೇಕು.

ಮನೆಯ ಹೊರಗೂ ಇದೇ ಪಾಡು. ಬೇಕಾದ ಮಾತು ಕೇಳದು, ಬೇಡದ್ದು ಕಿವಿಗೆ ಬೀಳುತ್ತದೆ. ಹುಣಸೂರಿನಲ್ಲಿ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಒಂದು ರೀಲ್ಸು, ಹಿಂದಿನ ಸೀಟಿನಲ್ಲಿ ಒಂದು ಕ್ರಿಕೆಟ್ಟು, ಪಕ್ಕದಲ್ಲಿ ಯಾರದೋ ಮದುವೆಯ ವಿಡಿಯೊ. ಕಂಡಕ್ಟರು ಯಾವ ಸ್ಟಾಪು ಕೂಗಿದರು? ಕೇಳಿಸಲಿಲ್ಲ. 2021ರ ನವೆಂಬರಿನಲ್ಲಿ ಸಾರಿಗೆ ನಿಗಮ ಸುತ್ತೋಲೆ ಹೊರಡಿಸಿತು. ಬಸ್ಸಿನಲ್ಲಿ ಮೊಬೈಲಿನ ಸದ್ದು ಜೋರಾಗಿ ಹಾಕುವಂತಿಲ್ಲ. ಹೇಳಿದರೂ ಕೇಳದವರನ್ನು ಇಳಿಸಬಹುದು, ಟಿಕೆಟ್ಟಿನ ಹಣ ವಾಪಸು ಇಲ್ಲ. ಒಳ್ಳೆಯ ಆದೇಶ. ಅದನ್ನು ನೆನಪಿಸಿ ಒಬ್ಬ ಹುಡುಗನಿಗೆ ಮೆಲ್ಲಗೆ ಹೇಳಿದೆ. "ಸಾರಿ ಅಂಕಲ್" ಎಂದು ಕೂಡಲೇ ಆರಿಸಿದ. ಕೇಳಿದರೆ ಬಹುತೇಕರು ಆರಿಸುತ್ತಾರೆ. ನಾವು ಕೇಳುವುದಿಲ್ಲ.

ಫೋನು ಮಾಡಿದರೂ ಹಾಗೇ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಯಾರಿಗೆ ಕರೆ ಮಾಡಿದರೂ ಮೊದಲು ಒಂದು ಕೆಮ್ಮು, ಆಮೇಲೆ ಎಚ್ಚರಿಕೆ. ಎಚ್ಚರಿಕೆ ಬೇಕಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಅವ್ವ ಪ್ರತಿ ಸಲ ಆ ಕೆಮ್ಮು ಕೇಳಿ, ಮೈಸೂರಿನಲ್ಲಿರುವ ಮೊಮ್ಮಗನಿಗೇ ಕೆಮ್ಮು ಬಂದಿದೆ ಎಂದು ತಿಳಿದು ಗಾಬರಿಯಾಗುತ್ತಿದ್ದಳು. ಕಷಾಯ ಕುಡಿ ಎಂದು ಆ ಯಂತ್ರಕ್ಕೇ ಹೇಳುತ್ತಿದ್ದಳು.

ಕೇಳುಗರೇ, ಕೇಳಿಸದ ಮಾತಿನ ಕತೆ ಬಹಳವಾಯಿತು. ಕೇಳಿಸುವ ಒಂದು ಮಾತಿನ ಕತೆ ಹೇಳುತ್ತೇನೆ.

ನಮ್ಮ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರ, ನಾಲ್ಕೂ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಮಳೆಗಾಲದ ನಡುವೆ ಬ್ಯಾರನ್ ಎಂಬ ಮುಚ್ಚಿದ ಕೋಣೆಯಲ್ಲಿ ಸೊಪ್ಪು ಬೇಯಿಸುವ ಕೆಲಸ ಶುರು. ಒಂದು ಸಲ ಸೊಪ್ಪು ತುಂಬಿದರೆ ಐದಾರು ದಿನ ಒಲೆ ಆರಬಾರದು. ಕಾವು ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ರಾತ್ರಿಯೆಲ್ಲ ಒಬ್ಬರು ಸೌದೆ ಹಾಕುತ್ತಾ ಎಚ್ಚರ ಇರಬೇಕು. ನಮ್ಮಪ್ಪ ಹಾಗೆ ಎಚ್ಚರವಿದ್ದವರು. ಒಲೆಯ ಬಾಯಿಂದ ನಾಲ್ಕು ಮಾರು ದೂರಕ್ಕೆ ಒಂದು ಕಲ್ಲು. ಕಲ್ಲಿನ ಮೇಲೆ ರೇಡಿಯೊ. ಹೊರಗೆ ಜಡಿಮಳೆ, ಕಪ್ಪೆಗಳ ಕೂಗು, ಒಲೆಯಲ್ಲಿ ಸೌದೆ ಚಟಪಟ. ಇಷ್ಟರ ನಡುವೆ ಅಂಗೈಯಗಲದ ಒಂದು ಸ್ಪೀಕರು. ವಾರ್ತೆ ಕೇಳಿಸುತ್ತಿತ್ತು. ನಾಟಕ ಕೇಳಿಸುತ್ತಿತ್ತು. ಏನಂದ್ರು ಎಂದು ಅಪ್ಪ ಯಾರನ್ನೂ ಕೇಳಲಿಲ್ಲ. ಕೇಳಲು ಪಕ್ಕದಲ್ಲಿ ಯಾರೂ ಇರುತ್ತಲೂ ಇರಲಿಲ್ಲ.

ರೇಡಿಯೊದವರಿಗೆ ಬೇರೆ ದಾರಿ ಇಲ್ಲ. ಅವರ ಬಳಿ ಮುಖವಿಲ್ಲ, ಬಣ್ಣವಿಲ್ಲ. ಇರುವುದು ಮಾತೊಂದೇ. ನಮ್ಮ ನಾಡಿನಲ್ಲಿ ಈ ಪಾಠ ಶುರುವಾದದ್ದು ಮೈಸೂರಿನಲ್ಲೇ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿದರು. ದೇಶವೆಲ್ಲ ಈಗ ಹೇಳುವ 'ಆಕಾಶವಾಣಿ' ಎಂಬ ಹೆಸರು ಆ ಪುಟ್ಟ ಕೇಂದ್ರದ್ದು. ಮುಂದೆ ಇಲ್ಲಿಗೆ ಸೇರಿದವರಲ್ಲಿ ಸಂಗೀತಗಾರ ಆರ್.ಕೆ. ಶ್ರೀಕಂಠನ್ ಒಬ್ಬರು. ರುದ್ರಪಟ್ಟಣದವರು. ನಮಗೆ ನೆರೆಯ ಊರೇ. ಅವರು ಹಾಡಿದರೆ ಸಾಹಿತ್ಯದ ಒಂದೊಂದು ಅಕ್ಷರವೂ ತೊಳೆದಿಟ್ಟಂತೆ ಕೇಳಿಸುತ್ತಿತ್ತು. ರಾಗ ಗೊತ್ತಿಲ್ಲದ ನಮ್ಮಪ್ಪನಿಗೂ ಹಾಡಿನ ಅರ್ಥ ತಿಳಿಯುತ್ತಿತ್ತು.

ಈಗಲೂ ಜೋರು ಮಳೆ ಬಂದರೆ ನಮ್ಮ ಮನೆಯ ಟಿವಿ ನಿಲ್ಲುತ್ತದೆ. ಉಪಗ್ರಹದಿಂದ ಬರುವ ತರಂಗವನ್ನು ಮಳೆಯ ಹನಿಗಳು ನುಂಗಿಬಿಡುತ್ತವೆ. ಸಿಡಿಲಿಗೆ ಹೆದರಿ ನಾವೇ ಪ್ಲಗ್ 
ಕಿತ್ತಿಡುವುದೂ ಉಂಟು. ಆಗ ಅವ್ವ ಹಳೆಯ ರೇಡಿಯೊ ಹಚ್ಚು ಎನ್ನುತ್ತಾಳೆ. ಒಮ್ಮೆ ಮೈಸೂರು ಸಿಗುತ್ತದೆ, ಒಮ್ಮೆ ಮಡಿಕೇರಿ. ಆ ಹೊತ್ತಿನಲ್ಲಿ ಅವ್ವ ನನ್ನನ್ನು ಏನೂ ಕೇಳುವುದಿಲ್ಲ.

ಈಗ ಕೊನೆಯ ಭಾಗ. ಕಾರಣಗಳನ್ನು ಹೇಳಿದೆ. ನಾನು ಮನೆಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. ನಿಮಗೂ ಉಪಯೋಗವಾದೀತು.

ಮೊದಲು ಟಿವಿಯ ಮೇಲೆ ಹೊದಿಸಿದ್ದ ಕಸೂತಿ ಬಟ್ಟೆ ತೆಗೆದೆ. ಅದರ ಅಂಚು ಸ್ಪೀಕರಿನ ತೂತುಗಳನ್ನೇ ಮುಚ್ಚಿತ್ತು. ಆಮೇಲೆ ರಿಪೇರಿಯವರು ಸೆಟ್ ಟಾಪ್ ಬಾಕ್ಸಿನ ಸೆಟ್ಟಿಂಗಿಗೆ ಹೋಗಿ, ಶಬ್ದದ ಕಡೆ 'ಸರೌಂಡ್' ಎಂದಿದ್ದುದನ್ನು 'ಸ್ಟೀರಿಯೊ' ಮಾಡಿದರು. ಟಿವಿಯಲ್ಲಿ 'ಮೂವಿ' ಎಂದಿದ್ದುದನ್ನು ಮಾತು ಸ್ಪಷ್ಟಗೊಳಿಸುವ ಆಯ್ಕೆಗೆ ಬದಲಿಸಿದರು. ಕೆಲವು ಟಿವಿಯಲ್ಲಿ ಅದಕ್ಕೆ 'ಸ್ಪೀಚ್' ಎಂದಿರುತ್ತದೆ, ಕೆಲವುಗಳಲ್ಲಿ 'ವಾಯ್ಸ್' ಎಂದು. 'ಬಾಸ್' ಎಂಬುದನ್ನು ತಗ್ಗಿಸಿದರು. ಇಷ್ಟಕ್ಕೇ ಇಪ್ಪತ್ತು ಸಲದ 'ಏನಂದ ಮಗಾ' ಹತ್ತಕ್ಕೆ ಇಳಿಯಿತು. ಇದನ್ನೆಲ್ಲ ಕೊಳ್ಳುವ ದಿನವೇ ಯಾರಾದರೂ ಹೇಳಿಕೊಟ್ಟಿದ್ದರೆ! ಎರಡು ರಿಮೋಟು ಕೊಡುತ್ತಾರೆ. ಎರಡರ ಮೇಲೂ ಇಂಗ್ಲಿಷು, ಅದೂ ಸಾಸಿವೆಯಷ್ಟು ಅಕ್ಷರ.

ಕನ್ನಡದ ಸಿನಿಮಾಕ್ಕೆ, ಧಾರಾವಾಹಿಗೆ ಕೆಳಗೆ ಕನ್ನಡದಲ್ಲೇ ಮಾತು ಬರೆದು ತೋರಿಸಬೇಕು ಎಂದು ನಾನು ಕೇಳಿಕೊಳ್ಳುತ್ತೇನೆ. ಕಿವಿ ಕೇಳದವರಿಗಾಗಿ ಥಿಯೇಟರಿನಲ್ಲಿ ಇಂಥ ಸೌಲಭ್ಯ ಇರಬೇಕೆಂದು ಕೇಂದ್ರ ಸರ್ಕಾರ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮನೆಯ ಟಿವಿಯಲ್ಲೂ ಅದು ಬರಲಿ. ಓದು ಕಲಿಯುವ ಮಕ್ಕಳಿಗೂ ಆಯಿತು. ಆದರೆ ನಮ್ಮವ್ವನಿಗೆ ಓದು ಬಾರದು. ಅವಳಿಗೆ ಮಾತೇ ಬೇಕು. ಸಿನಿಮಾ ಮಾಡುವವರಿಗೆ, ಧಾರಾವಾಹಿ ಮಾಡುವವರಿಗೆ ನನ್ನದೊಂದು ಬಿನ್ನಹ. ನೀವು ದೊಡ್ಡ ಸ್ಟುಡಿಯೊದಲ್ಲಿ, ಒಳ್ಳೆಯ ಸ್ಪೀಕರಿನಲ್ಲಿ, ನಿಮಗೆ ಬಾಯಿಪಾಠವಾದ ಮಾತನ್ನು ಕೇಳಿ ಸರಿ ಎನ್ನುತ್ತೀರಿ. ಕೆಲಸ ಮುಗಿಸುವ ಮೊದಲು ಒಂದು ಸಲ ಸಾಧಾರಣ ಟಿವಿಯಲ್ಲಿ ಹಾಕಿ. ಅದರ ಮುಂದೆ ಕತೆ ಗೊತ್ತಿಲ್ಲದ ಒಬ್ಬ ಅಜ್ಜಿಯನ್ನು ಕೂರಿಸಿ. ಅವರು ಎಷ್ಟು ಸಲ ಏನಂದ ಎಂದು ಕೇಳುತ್ತಾರೋ ಎಣಿಸಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಿಂದ ಇದೆ. ಕಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಶ್ರವಣ ಸಾಧನ ಹೊಂದಿಸಿ ಕೊಡುತ್ತಾರೆ. ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತಾರೆ. ಎರಡು ಗಂಟೆಯ ದಾರಿಯಲ್ಲಿರುವ ನಾವು ಇಷ್ಟು ವರ್ಷ ಹೋಗಿರಲಿಲ್ಲ. ಬರುವ ವಾರ ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದೇನೆ.

ಮೊನ್ನೆ ರಾತ್ರಿ ಅವ್ವನಿಗೆ ಈ ವಿಷಯ ಹೇಳಿದೆ. ಹತ್ತಿರ ಕೂತು, ಬಿಡಿಸಿ ಬಿಡಿಸಿ ಹೇಳಿದೆ. ಕಿವಿಗೆ ಒಂದು ಸಣ್ಣ ಮಿಷನ್ನು ಹಾಕ್ತಾರೆ ಕಣವ್ವ, ಆಮೇಲೆ ಎಲ್ಲ ಚೆನ್ನಾಗಿ ಕೇಳ್ಸುತ್ತೆ ಎಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಟಿವಿ ಕಡೆ ತಿರುಗಿದಳು. ಅಲ್ಲಿ ಆ ಅಣ್ಣ ಮತ್ತೆ ತಮ್ಮನ ಮುಂದೆ ನಿಂತಿದ್ದ, ಡೋಲು ಬಡಿಯುತ್ತಿತ್ತು. ಆಮೇಲೆ ನನ್ನ ಕಡೆ ನೋಡಿ ಕೇಳಿದಳು.

"ಅಲ್ಲ ಮಗಾ, ನನ್ ಕಿವಿ ಸರಿಯಾದ್ಮೇಲೂ ಇವ್ನು ಹಿಂಗೇ ಬಾಯೊಳ್ಗೇ ನುಂಗುದ್ರೆ?"